ಅಜ್ಜಿಯ ಹಂಚಿನ ಮನೆ: ಮಳೆ ಹಿಡಿಯುವುದರೊಳಗೆ ನಾವೇನು ಮಾಡಬಹುದು?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯ ಯುವಕ ಸಂಘದವರು, ಒಟ್ಟು ಹದಿನಾಲ್ಕು ಮಂದಿ ಇದ್ದೇವೆ. ನಮ್ಮೂರಿನಲ್ಲಿ 76 ವರ್ಷದ ಅಜ್ಜಿಯೊಬ್ಬರು ತಮ್ಮ ಕಿರಿಯ ಮಗನೊಂದಿಗೆ ಹಳೆಯ ಮನೆಯಲ್ಲಿದ್ದಾರೆ. ಮಗ ಎಂಟು ವರ್ಷದ ಹಿಂದೆ ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡು ಗಾಲಿಕುರ್ಚಿಯಲ್ಲಿದ್ದಾರೆ. ಇಬ್ಬರ ಪಿಂಚಣಿಯ ಹೊರತು ಬೇರೆ ಆದಾಯವಿಲ್ಲ. ಮನೆಗೆ ಮಣ್ಣಿನ ಗೋಡೆ, ಮಂಗಳೂರು ಹಂಚಿನ ಮಾಡು. ಹೋದ ಮಳೆಗಾಲದಲ್ಲಿ ನಾಲ್ಕೈದು ಕಡೆ ಸೋರಿತ್ತು, ಹಿಂದಿನ ಗೋಡೆ ಹೊರಗೆ ಉಬ್ಬಿದೆ. ನಾವು ಅರವತ್ತು ಸಾವಿರ ರೂಪಾಯಿ ಕೂಡಿಸಿದ್ದೇವೆ. ಹಂಚು ತೆಗೆದು ಶೀಟು ಹಾಕಿ ಎಂದು ಕೆಲವರು, ಇನ್ನಷ್ಟು ಹಣ ಸೇರಿಸಿ ಆರ್‌ಸಿಸಿ ಮಾಡಿ ಎಂದು ಕೆಲವರು ಹೇಳುತ್ತಾರೆ. ರಿಪೇರಿ ಮಾಡಿದರೆ ಸರ್ಕಾರಿ ಮನೆ ಸಿಗುವುದಿಲ್ಲ ಎಂದು ಒಬ್ಬರು ಹೆದರಿಸಿದ್ದಾರೆ. ಬೆಂಗಳೂರಿನಲ್ಲಿರುವ ಹಿರಿಯ ಮಗನಿಗೆ ಇದು ಇಷ್ಟವಿಲ್ಲ. ಅಜ್ಜಿ ಕೂಡ ‘ನನ್ನ ಮನೆ ನೀವು ಮುಟ್ಟಬೇಡಿ’ ಎನ್ನುತ್ತಿದ್ದಾರೆ. ಮಳೆಗೆ ಇನ್ನು ಮೂರು ವಾರ ಉಳಿದಿದೆ. ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳುತ್ತಿರುವುದು ಮಾಡಿನ ವಿಷಯವೊಂದನ್ನೇ ಅಲ್ಲ. ಒಳ್ಳೆಯದು ಮಾಡಲು ಹೋಗಿ ಇರುವ ನೆಲೆಯನ್ನೂ ಕೆಡಿಸಿಬಿಟ್ಟರೆ ಏನು ಗತಿ ಎಂಬ ಅಂಜಿಕೆ ಅದರಲ್ಲಿದೆ, ಮತ್ತು ಆ ಅಂಜಿಕೆ ಸರಿಯಾದದ್ದೇ. ಮೂವತ್ತು ವರ್ಷ ಹಳೆಯ ಮನೆಗಳನ್ನು ನೋಡುತ್ತ ಬಂದ ಸಿವಿಲ್ ಎಂಜಿನಿಯರ್ ಆಗಿ ಹೇಳುತ್ತೇನೆ: ಇಂಥ ಮನೆಗಳಿಗೆ ಹಣದ ಕೊರತೆಯಿಂದ ಆದಷ್ಟೇ ಹಾನಿ ಅವಸರದ ಸಹಾಯದಿಂದಲೂ ಆಗಿದೆ. ಆದರೆ ಮೂರು ವಾರ, ಹದಿನಾಲ್ಕು ಮಂದಿ, ಅರವತ್ತು ಸಾವಿರ ರೂಪಾಯಿ ಎಂದರೆ ಕಡಿಮೆಯೇನಲ್ಲ. ಮನೆಯನ್ನು ಹೊಸದು ಮಾಡುವ ಆಸೆಯನ್ನು ಬಿಟ್ಟರೆ, ಈ ಮಳೆಗಾಲವನ್ನು ತಾಯಿ ಮಗ ಒಣನೆಲದ ಮೇಲೆ ಕಳೆಯುವಂತೆ ನೀವು ಖಂಡಿತ ಮಾಡಬಲ್ಲಿರಿ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪತ್ರದಲ್ಲಿ ಊರವರ ಅಭಿಪ್ರಾಯವಿದೆ, ಹಿರಿಯ ಮಗನದ್ದಿದೆ, ಅಜ್ಜಿಯದ್ದೂ ಇದೆ. ಗಾಲಿಕುರ್ಚಿಯಲ್ಲಿ ಕುಳಿತವರದ್ದು ಮಾತ್ರ ಎಲ್ಲಿಯೂ ಇಲ್ಲ. ಕೆಲಸ ಶುರುಮಾಡುವ ಮುನ್ನ ಒಂದು ಸಂಜೆ ಅವರ ಬಳಿ ಕುಳಿತು, ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಎಲ್ಲೆಲ್ಲಿ ಹೋಗಬೇಕಾಗುತ್ತದೆ, ಎಲ್ಲಿ ತಡೆಯುತ್ತದೆ, ಎಲ್ಲಿ ತಾಯಿ ಎತ್ತಬೇಕಾಗುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಅಜ್ಜಿಯ ‘ಮುಟ್ಟಬೇಡಿ’ ಎಂಬ ಮಾತಿಗೂ ಅಲ್ಲಿಯೇ ಕಾರಣ ಸಿಗಬಹುದು. ನಾನು ಕಂಡಂತೆ ವಯಸ್ಸಾದವರು ಬೇಡ ಎನ್ನುವುದು ಹೆಚ್ಚಾಗಿ ಮೂರು ಕಾರಣಕ್ಕೆ: ಬಿಚ್ಚಿದ ಮನೆಯನ್ನು ಅರ್ಧಕ್ಕೆ ಬಿಟ್ಟುಹೋದರೆ ಎಂಬ ಭಯ, ಸಾಮಾನು ಸರಂಜಾಮು ಅಪರಿಚಿತರ ಕೈಗೆ ಸಿಗುತ್ತದೆ ಎಂಬ ಸಂಕೋಚ, ಮತ್ತು ಬಿಟ್ಟಿ ಉಪಕಾರದ ಭಾರ. ಕೊನೆಯದಕ್ಕೆ ಮಲೆನಾಡಿನಲ್ಲಿ ಹಳೆಯ ಉತ್ತರವೊಂದಿದೆ. ಅಡಿಕೆ ಸೋಗೆ ಹೊದಿಸಿದ ಮನೆಗಳ ಕಾಲದಲ್ಲಿ ವರ್ಷಕ್ಕೊಮ್ಮೆ ಹೊದಿಕೆ ಬದಲಿಸುವ ಕೆಲಸ ಮುಯ್ಯಿಯಲ್ಲೇ ನಡೆಯುತ್ತಿತ್ತು. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಈ ಅಜ್ಜಿ ತಮ್ಮ ಹರೆಯದಲ್ಲಿ ನಿಮ್ಮ ಅಜ್ಜ ಅಜ್ಜಿಯರ ಮನೆಗೆ ಮುಯ್ಯಾಳಾಗಿ ಬಂದಿರಲೂಬಹುದು. ಆ ಮುಯ್ಯಿ ತೀರಿಸಲು ಬಂದಿದ್ದೇವೆ ಎಂದು ಹೇಳಿ, ಅವರು ಮಾಡಿಕೊಡುವ ಅವಲಕ್ಕಿ, ಕಾಫಿಯನ್ನು ಬೇಡವೆನ್ನದೆ ತೆಗೆದುಕೊಳ್ಳಿ.

ಇನ್ನು ಮಾಡಿನ ಮಾತು. ಶೀಟು ಹಾಕಿದರೆ ಸೋರುವ ಚಿಂತೆ ಶಾಶ್ವತವಾಗಿ ಮುಗಿಯುತ್ತದೆ ಎಂಬುದು ಎಲ್ಲ ಕಡೆ ಕೇಳಿಬರುವ ನಂಬಿಕೆ. ಹಂಚಿನ ಮಾಡು ಸೋರುವುದು ಹಂಚು ಹಳೆಯದಾದದ್ದರಿಂದಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1860ರ ದಶಕದಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಬಂದ ಹಂಚುಗಳಲ್ಲಿ ನೂರು ವರ್ಷ ದಾಟಿಯೂ ಗಟ್ಟಿಯಾಗಿರುವುದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಸೋರಿಕೆಗೆ ಕಾರಣ ಸಾಮಾನ್ಯವಾಗಿ ಹಂಚಿನ ಕೆಳಗಿನ ಮರ. ಗೆದ್ದಲು ತಿಂದ ರೀಪು (ಹಂಚು ಕೂರುವ ಅಡ್ಡಪಟ್ಟಿ) ಬಾಗುತ್ತದೆ, ಬಾಗಿದ ಕಡೆ ಒಂದು ಹಂಚಿನ ಗಾಡಿಯಿಂದ, ಅಂದರೆ ಅಂಚಿನ ತೋಡಿನಿಂದ, ಇನ್ನೊಂದರ ಅಂಚು ಜಾರುತ್ತದೆ, ಆ ಸಂದಿಯಲ್ಲಿ ಗಾಳಿಮಳೆ ನುಗ್ಗುತ್ತದೆ. ಅಲ್ಲದೆ ತರಗೆಲೆ ತುಂಬಿ ನೀರು ನಿಂತ ಕಡೆ, ಎರಡು ಮಾಡುಗಳು ಕೂಡುವ ಕಣಿಯ ತಗಡು ತೂತಾದ ಕಡೆ, ನೆತ್ತಿಯ ಹಂಚಿನ ಗಾರೆ ಬಿರುಕು ಬಿಟ್ಟ ಕಡೆ ಸೋರುತ್ತದೆ. ಹಾಗಾಗಿ ನೀವು ನೋಡಬೇಕಾದದ್ದು ಮೊದಲು ಮರವನ್ನು. ಸ್ಕ್ರೂಡ್ರೈವರ್ ಹಿಡಿದು ಪ್ರತಿಯೊಂದು ಪಕಾಸಿನ (ನೆತ್ತಿಯಿಂದ ಗೋಡೆಗೆ ಇಳಿಯುವ ಮರದ) ಎರಡೂ ತುದಿಗಳನ್ನು, ಅದರಲ್ಲಿಯೂ ಗೋಡೆಯ ಮೇಲೆ ಕೂರುವ ತುದಿಯನ್ನು ಚುಚ್ಚಿ ನೋಡಿ. ಗಟ್ಟಿ ಮರದಲ್ಲಿ ಮೊನೆ ನಿಲ್ಲುತ್ತದೆ. ಕೆಟ್ಟ ಮರದಲ್ಲಿ ಬೆಲ್ಲದೊಳಗೆ ಹೋದಂತೆ ಇಳಿಯುತ್ತದೆ, ಒಳಗಿಂದ ಹಿಟ್ಟು ಉದುರುತ್ತದೆ. ಅಡುಗೆಮನೆಯ ಮೇಲಿನ ಮರ ಇಲ್ಲಣ (ಹೊಗೆಯ ಮಸಿ) ಹಿಡಿದು ಕಪ್ಪಾಗಿದ್ದರೂ ಗಟ್ಟಿಯಾಗಿರುವುದೇ ಹೆಚ್ಚು, ಒಲೆಯ ಹೊಗೆಗೆ ಹುಳು ದೂರವಿರುತ್ತದೆ. ಕಪ್ಪು ಬಣ್ಣ ನೋಡಿ ಅದನ್ನು ಕಿತ್ತು ಹಾಕಬೇಡಿ. ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ; ಠಣ್ ಎಂದರೆ ಉಳಿಸಿಕೊಳ್ಳಿ, ಮಂಕಾಗಿ ಸದ್ದಾದರೆ ಕಣ್ಣಿಗೆ ಕಾಣದ ಬಿರುಕಿರುತ್ತದೆ. ಬದಲಿ ಹಂಚು ತರುವಾಗ ಹಳೆಯದೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಏಕೆಂದರೆ ಒಂದು ಕಾರ್ಖಾನೆಯ ಹಂಚಿನ ಗಾಡಿ ಇನ್ನೊಂದರದ್ದಕ್ಕೆ ಕೂಡುವುದಿಲ್ಲ. ಕೂಡದ ಹಂಚನ್ನು ತುರುಕಿದರೆ ಮೊದಲಿದ್ದಕ್ಕಿಂತ ಹೆಚ್ಚು ಸೋರುತ್ತದೆ. ನಿಮ್ಮ ಕಡೆ ಬೀಳಿಸಿದ ಹಳೆಯ ಮನೆಗಳ ಹಂಚು ಕಡಿಮೆ ಬೆಲೆಗೆ ಸಿಗುತ್ತದೆ, ಅದೇ ಒಳ್ಳೆಯದು.

ಶೀಟು ಹಾಕಬಾರದು ಎಂದು ನಾನು ಹಟ ಹಿಡಿಯುವುದಿಲ್ಲ. ಮರವೆಲ್ಲ ಹೋಗಿದ್ದರೆ ಕಬ್ಬಿಣದ ಪೈಪಿನ ಮೇಲೆ ತಗಡಿನ ಶೀಟು ಒಂದು ದಾರಿಯೇ. ಆದರೆ ಅದರ ತೊಂದರೆಗಳನ್ನು ತಿಳಿದು ಹಾಕಬೇಕು. ಹಂಚಿನ ಮಾಡು ತನ್ನ ಭಾರದಿಂದಲೇ ಗಾಳಿಗೆ ನಿಲ್ಲುತ್ತದೆ. ಹಗುರ ಶೀಟನ್ನು ಗೋಡೆಗೆ ಬಿಗಿಯದೆ ಇಟ್ಟರೆ ಮೊದಲ ಗಾಳಿಗೇ ಎದ್ದುಹೋಗುತ್ತದೆ, ಮಣ್ಣಿನ ಗೋಡೆಯಲ್ಲಿ ಬೋಲ್ಟು ಹಿಡಿಯುವುದಿಲ್ಲ. ಬೇಸಿಗೆಯಲ್ಲಿ ಕೆಳಗೆ ಮಲಗಿದವರಿಗೆ ಸೆಕೆ ತಡೆಯಲಾಗದು. ಬೆನ್ನುಹುರಿಗೆ ಪೆಟ್ಟಾದ ಅನೇಕರಿಗೆ ಸ್ವಾಧೀನ ತಪ್ಪಿದ ಭಾಗದಲ್ಲಿ ಬೆವರು ಸರಿಯಾಗಿ ಬರುವುದಿಲ್ಲ, ಅವರ ದೇಹ ಬಿಸಿಯನ್ನು ಹೊರಹಾಕಲಾರದು. ನಮಗೆ ಬರೀ ಕಿರಿಕಿರಿಯಾಗುವ ಸೆಕೆ ಅವರಿಗೆ ಅಪಾಯ. ಹಲವು ವರ್ಷಗಳ ಹಿಂದೆ ನಾನು ಸಲಹೆಗಾರನಾಗಿದ್ದ ಒಂದು ವಿದ್ಯಾರ್ಥಿ ಶಿಬಿರದಲ್ಲಿ ನಾವು ಒಬ್ಬ ವೃದ್ಧೆಯ ಮನೆಗೆ ಹಂಚು ತೆಗೆದು ಶೀಟು ಹೊದಿಸಿದೆವು. ಮರುವರ್ಷ ಏಪ್ರಿಲಿನಲ್ಲಿ ಹೋದಾಗ ಆಕೆ ಹಗಲೆಲ್ಲ ಕೊಟ್ಟಿಗೆಯಲ್ಲಿ ಕೂರುತ್ತಿದ್ದರು, ಆ ಕೊಟ್ಟಿಗೆಯ ಹೊದಿಕೆ ಸೋಗೆಯದಾಗಿತ್ತು. ಅದನ್ನು ನಾನು ಮರೆತಿಲ್ಲ. ಸಿಮೆಂಟ್ ಶೀಟಿನ ಬಗ್ಗೆ ಇನ್ನೊಂದು ಎಚ್ಚರಿಕೆ: ನಮ್ಮ ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಸಿಮೆಂಟ್ ಶೀಟುಗಳಲ್ಲಿ ಕಲ್ನಾರು (ಆಸ್ಬೆಸ್ಟಸ್) ಇರುತ್ತದೆ, ಅದನ್ನು ಕೊರೆದಾಗ, ಕತ್ತರಿಸಿದಾಗ ಏಳುವ ಧೂಳು ಕ್ಯಾನ್ಸರ್ ತರುವಂಥದ್ದು. ಹಳೆಯ ಕಲ್ನಾರು ಶೀಟಿನ ಮೇಲೆ ಕಾಲಿಟ್ಟು ಅದು ಮುರಿದು ಬಿದ್ದವರ ಸುದ್ದಿಯನ್ನು ನೀವೂ ಓದಿರುತ್ತೀರಿ. ಸ್ವಯಂಸೇವಕರ ಕೆಲಸದಲ್ಲಿ ಅದನ್ನು ಬಳಸದಿರುವುದೇ ಮೇಲು.

ಆರ್‌ಸಿಸಿಯ ಮಾತನ್ನು ಇಲ್ಲಿಗೇ ಬಿಡಿ. ನಾಲ್ಕು ಅಂಗುಲದ ಸ್ಲ್ಯಾಬು ಒಂದು ಚದರ ಮೀಟರಿಗೆ ಸುಮಾರು 250 ಕಿಲೋ ತೂಗುತ್ತದೆ, ಹಂಚು ಮತ್ತು ಮರ ಸೇರಿದ ಮಾಡಿನ ಭಾರದ ಮೂರು ಪಟ್ಟಿಗೂ ಹೆಚ್ಚು. ಉಬ್ಬಿದ ಮಣ್ಣಿನ ಗೋಡೆಯ ಮೇಲೆ ಅದನ್ನು ಹೇರುವುದು ಮನೆಯೊಳಗಿರುವವರ ತಲೆಯ ಮೇಲೆ ಹೇರಿದಂತೆ.

ನನಗೆ ನಿಜವಾಗಿ ಚಿಂತೆ ತಂದಿರುವುದು ಆ ಹಿಂದಿನ ಗೋಡೆ. ಮಣ್ಣಿನ ಗೋಡೆ ಮೇಲಿನಿಂದ ಕೆಡುವುದು ಕಡಿಮೆ, ಬುಡದಿಂದ ಕೆಡುವುದು ಹೆಚ್ಚು. ಸೂರಿನಿಂದ ಬಿದ್ದ ನೀರು ಅಂಗಳದಲ್ಲಿ ಸಿಡಿದು ಗೋಡೆಯ ಕೆಳಗಿನ ಎರಡು ಅಡಿಯನ್ನು ದಿನವೂ ತೋಯಿಸುತ್ತದೆ. ಹಿಂಬದಿಯ ಧರೆಯಿಂದ (ಕಡಿದ ಗುಡ್ಡದ ಮಗ್ಗುಲಿನಿಂದ) ಇಳಿದ ನೀರು ಪಂಚಾಂಗದ, ಅಂದರೆ ಅಡಿಪಾಯದ, ಪಕ್ಕದಲ್ಲಿ ನಿಂತು ಮೇಲಕ್ಕೆ ಏರುತ್ತದೆ. ಆಗುಂಬೆಯ ಸುತ್ತಮುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆಯಲ್ಲಿ ಹಿಂದಿನವರು ಸೂರನ್ನು ಅಷ್ಟು ಕೆಳಗೆ, ಅಷ್ಟು ಹೊರಗೆ ಚಾಚಿದ್ದು, ಮಳೆ ಹೊಡೆಯುವ ಕಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಇದಕ್ಕಾಗಿಯೇ. ಸಿಮೆಂಟ್ ಗಾರೆ ಬಳಿದರೆ ಗೋಡೆ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಈ ಮನೆಗಳಿಗೆ ಬಹಳ ಹಾನಿ ಮಾಡಿದೆ. ಮಣ್ಣು ತೇವವನ್ನು ಹೀರಿ, ಬಿಸಿಲಿಗೆ ಬಿಟ್ಟುಕೊಟ್ಟು ಬದುಕುತ್ತದೆ. ಸಿಮೆಂಟ್ ಹೊದಿಸಿದರೆ ಬುಡದಿಂದ ಏರಿದ ತೇವ ಹೊರಹೋಗುವ ದಾರಿಯಿಲ್ಲದೆ ಒಳಗೇ ಉಳಿದು ಮಣ್ಣನ್ನು ಮೆತ್ತಗಾಗಿಸುತ್ತದೆ. ಹೊರಗಿನಿಂದ ಎಲ್ಲವೂ ಚೆನ್ನಾಗಿ ಕಾಣುತ್ತಿರುತ್ತದೆ. ತಟ್ಟಿದಾಗ ಡಬಡಬ ಎನ್ನುವ ಗಾರೆಯನ್ನು ಕೆತ್ತಿ ನೋಡಿದರೆ ಒಳಗಿನ ಮಣ್ಣು ಕೈಗೆ ಅಂಟುವಷ್ಟು ಹಸಿಯಾಗಿರುತ್ತದೆ. ಈ ಗೋಡೆಗೆ ಬೇಕಾದದ್ದು ಮಣ್ಣು ಸುಣ್ಣದ ಗಾರೆ.

ಆದ್ದರಿಂದ ಹದಿನಾಲ್ಕು ಮಂದಿಯ ಮೊದಲ ಭಾನುವಾರದ ಕೆಲಸ ಮಾಡಿನ ಮೇಲಲ್ಲ, ನೆಲದ ಮೇಲೆ. ಧರೆಯ ಬುಡದಲ್ಲಿ ಗೋಡೆಯಿಂದ ನಾಲ್ಕೈದು ಅಡಿ ದೂರಕ್ಕೆ ಚರಂಡಿ ತೋಡಿ ನೀರನ್ನು ತೋಟದ ಕಡೆಗೆ ತಿರುಗಿಸಿ. ಆದರೆ ಧರೆಯ ಕಾಲನ್ನೇ ಕಡಿಯಬೇಡಿ, ಮಳೆಯಲ್ಲಿ ಅದೇ ಕುಸಿದೀತು. ಗೋಡೆಗೆ ತಾಗಿದ ಮಣ್ಣು, ಸೌದೆ ರಾಶಿಯನ್ನು ತೆಗೆದು ಅಂಗಳ ಹೊರಗಡೆಗೆ ಇಳಿಜಾರಾಗುವಂತೆ ಮಾಡಿ. ಉಬ್ಬಿರುವ ಕಡೆ ಬಿರುಕಿದ್ದರೆ ಅದರ ಅಡ್ಡಕ್ಕೆ ಕಾಗದದ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ವಾರದೊಳಗೆ ಕಾಗದ ಹರಿದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ, ಆಗ ನಿಮ್ಮ ಕೈಯ ಕೆಲಸ ಮುಗಿಯಿತು. ಒಳಗಿನಿಂದ ಕಂಬ ಕೊಟ್ಟು ಮಾಡಿನ ಭಾರವನ್ನು ಗೋಡೆಯಿಂದ ಇಳಿಸಿ, ಇಬ್ಬರ ಹಾಸಿಗೆಯನ್ನೂ ಆಚೆ ಬದಿಯ ಕೋಣೆಗೆ ಸಾಗಿಸಿ, ಗೋಡೆಯನ್ನು ಅನುಭವಿ ಮೇಸ್ತ್ರಿಗೆ ಅಥವಾ ಎಂಜಿನಿಯರಿಗೆ ತೋರಿಸಿ. ಮಳೆಗಾಲ ಮುಗಿಯುವವರೆಗೆ ಆ ಗೋಡೆಯನ್ನು ಬಿಚ್ಚುವ ಸಾಹಸ ಬೇಡ.

ಮಾಡಿನ ಕೆಲಸಕ್ಕೆ ಬಡಗಿಯನ್ನು ಕೂಲಿ ಕೊಟ್ಟೇ ಕರೆಯಿರಿ. ಕೂಡಿಸಿದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಮರಕ್ಕೂ ಅವರ ಕೂಲಿಗೂ ಹೋಗಲಿ, ಅದು ದಂಡವಲ್ಲ. ಮೇಲೆ ಅವರು ಮತ್ತು ಅಭ್ಯಾಸವಿರುವ ಇಬ್ಬರು ಇದ್ದರೆ ಸಾಕು. ಉಳಿದವರು ಸಾಲಾಗಿ ನಿಂತು ಹಂಚನ್ನು ಕೈಯಿಂದ ಕೈಗೆ ಇಳಿಸುವುದು, ಪಾಚಿ ಉಜ್ಜುವುದು, ಮರಕ್ಕೆ ಎಣ್ಣೆ ಬಳಿಯುವುದು. ಗೇರೆಣ್ಣೆ ಮರಕ್ಕೆ ಒಳ್ಳೆಯದೇ, ಆದರೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಕೈಗವಸು ಹಾಕಿಕೊಳ್ಳಿ. ಒಂದು ದಿನಕ್ಕೆ ಎಷ್ಟು ಭಾಗವನ್ನು ಮಧ್ಯಾಹ್ನ ಮೂರು ಗಂಟೆಯೊಳಗೆ ಮತ್ತೆ ಮುಚ್ಚಬಹುದೋ ಅಷ್ಟನ್ನೇ ಬಿಚ್ಚಿ, ಮೇ ತಿಂಗಳ ಗುಡುಗು ಮಳೆ ಬರುವುದು ಮಧ್ಯಾಹ್ನದ ಮೇಲೆಯೇ. ಟಾರ್ಪಾಲ್ ಕೆಳಗೆ ಬಿಚ್ಚಿಟ್ಟು ಸಿದ್ಧವಾಗಿರಲಿ. ಮೇಲೆ ಹತ್ತುವ ಮೊದಲು ಮೇನ್ ಸ್ವಿಚ್ ಆರಿಸಿ. ಕಂಬದಿಂದ ಬರುವ ತಂತಿಗೆ ಮೇನ್ ಆರಿಸಿದರೂ ಕರೆಂಟ್ ಇರುತ್ತದೆ. ಅದು ಮಾಡಿಗೆ ತಾಗುವಂತಿದ್ದರೆ ಲೈನ್‌ಮನ್ ಬಂದು ಸರಿಪಡಿಸುವವರೆಗೆ ಆ ಬದಿಗೆ ಹೋಗಬೇಡಿ. ಹಂಚಿನ ಕೆಳಗೆ ಕಣಜದ ಗೂಡು, ಚೇಳು, ಹಾವು ಇರುವುದು ಮಾಮೂಲು. ಹಂಚಿನ ನಡುವೆ ಕಾಲಿಡದೆ ಪಕಾಸಿರುವ ಕಡೆಯೇ ಕಾಲಿಡಬೇಕು, ಸೊಂಟಕ್ಕೆ ಹಗ್ಗ ಇರಲೇಬೇಕು. ನಿಮ್ಮ ಮುಂದೆಯೇ ಅಡಿಕೆ ಮರದಿಂದ ಬಿದ್ದ ಒಬ್ಬರ ಬದುಕಿದೆ, ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಇದೆ. ಹದಿನಾಲ್ಕು ಮಂದಿಯೂ ಬ್ಯಾಂಕಿನಲ್ಲಿ ಮಾಡಿಸಿಕೊಂಡು ಬನ್ನಿ.

ಇನ್ನು ಮನೆಯೊಳಗಿನ ದಾರಿ. ಜಗಲಿ ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರವಿದೆ ಎಂದುಕೊಳ್ಳೋಣ. ಗಾಲಿಕುರ್ಚಿ ಕ್ಷೇಮವಾಗಿ ಏರಿಳಿಯಲು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ನಿಯಮ, ಅಂದರೆ ಇಲ್ಲಿ ಹದಿನೆಂಟು ಅಡಿ. ಇಷ್ಟು ಜಾಗವಿಲ್ಲವೆಂದು ಆರೇಳು ಅಡಿಯಲ್ಲಿ ಮುಗಿಸಿದ ಎಷ್ಟೋ ಇಳಿಜಾರುಗಳನ್ನು ನೋಡಿದ್ದೇನೆ. ಅಲ್ಲಿ ಹಿಂದಿನಿಂದ ಕುರ್ಚಿ ಹಿಡಿದ ಮುದುಕಿ ತಾಯಿಯೂ ಕುರ್ಚಿಯೊಂದಿಗೆ ಉರುಳುತ್ತಾರೆ. ಜಾಗ ಸಾಲದಿದ್ದರೆ ನಡುವೆ ಐದು ಅಡಿಯ ಸಮತಟ್ಟು ಕೊಟ್ಟು ತಿರುಗಿಸಿ. ಅಂಚಿಗೆ ಮೂರು ಅಂಗುಲದ ಕಟ್ಟೆ ಇರಲಿ, ಹಸಿ ಕಾಂಕ್ರೀಟಿನ ಮೇಲೆ ಪೊರಕೆಯಿಂದ ಅಡ್ಡಗೀರು ಎಳೆದು ಒರಟು ಮಾಡಿ, ಇಲ್ಲವಾದರೆ ಆರಿದ್ರಾ ಮಳೆ ಬರುವಷ್ಟರಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಗಾಲಿಕುರ್ಚಿ ಹೋಗಲೆಂದು ಮಣ್ಣಿನ ಗೋಡೆಯ ಬಾಗಿಲನ್ನು ಅಗಲ ಮಾಡಲು ಹೋಗಬೇಡಿ. ಬಾಗಿಲ ಪಡಿಯನ್ನು ತೆಗೆದು ಪರದೆ ಕಟ್ಟಿದರೆ ಎರಡು ಅಂಗುಲ ಸಿಗುತ್ತದೆ, ಹೊಸ್ತಿಲಿಗೆ ಎರಡೂ ಬದಿ ಮರದ ಆಪು (ಇಳಿಜಾರು ತುಂಡು) ಕೊಟ್ಟರೆ ಕುರ್ಚಿ ದಾಟುತ್ತದೆ. ಹೊಸ್ತಿಲನ್ನೇ ಕಡಿಯಿರಿ ಎಂದು ಅಜ್ಜಿಗೆ ಹೇಳಬೇಡಿ, ಅದಕ್ಕೆ ಅವರು ದಿನವೂ ರಂಗೋಲಿ ಇಡುತ್ತಿರಬಹುದು.

ಬಚ್ಚಲನ್ನು ಗಮನವಿಟ್ಟು ನೋಡಿ. ಮಲೆನಾಡಿನ ಬಚ್ಚಲಲ್ಲಿ ಹಂಡೆಯ ಒಲೆ ಸ್ನಾನದ ಕಲ್ಲಿನ ಪಕ್ಕದಲ್ಲಿಯೇ ಇರುತ್ತದೆ. ಸೊಂಟದ ಕೆಳಗೆ ಸ್ಪರ್ಶ ತಿಳಿಯದವರ ಕಾಲು ಒಲೆಯ ಕಟ್ಟೆಗೆ ತಾಗಿ ಚರ್ಮ ಸುಡುತ್ತಿದ್ದರೂ ಅವರಿಗೆ ಗೊತ್ತಾಗುವುದಿಲ್ಲ. ಅವರು ಕುಳಿತುಕೊಳ್ಳುವ ಜಾಗಕ್ಕೂ ಒಲೆಗೂ ನಡುವೆ ಒಂದು ಮೊಣಕಾಲೆತ್ತರದ ಅಡ್ಡಗೋಡೆ ಕಟ್ಟಿದರೆ ಸಾಕು. ಅರ್ಧ ದಿನದ ಈ ಕೆಲಸ ತಿಂಗಳುಗಟ್ಟಲೆ ಮಾಯದ ಸುಟ್ಟಗಾಯವನ್ನು ತಪ್ಪಿಸುತ್ತದೆ. ಒದ್ದೆ ಹಾಸಿಗೆಯಿಂದ ಆಗುವ ಹಾಸಿಗೆ ಹುಣ್ಣು ಕೂಡ ಅಂಥದ್ದೇ, ಆದ್ದರಿಂದ ಮಾಡಿನ ಕೆಲಸ ಶುರುವಾದಾಗ ಮಂಚದ ಮೇಲಿನ ಭಾಗವನ್ನು ಮೊದಲು ಸರಿಪಡಿಸಿ. ಹಿಡಿಕೆಯ ಸರಳನ್ನು ಮಣ್ಣಿನ ಗೋಡೆಗೆ ಮೊಳೆ ಹೊಡೆದು ಕೂರಿಸಬೇಡಿ, ಮೈಭಾರ ಬಿದ್ದ ಕೂಡಲೇ ಕಿತ್ತುಬರುತ್ತದೆ. ನೆಲದಿಂದ ಮೇಲಿನ ತೊಲೆಯವರೆಗೆ ಪೈಪು ನಿಲ್ಲಿಸಿ ಅದಕ್ಕೆ ಸರಳು ಬೆಸುಗೆ ಹಾಕಿಸಿ. ವೈರಿಂಗ್ ನೋಡಲು ಬಂದ ಎಲೆಕ್ಟ್ರೀಷಿಯನ್‌ಗೆ ಹೇಳಿ ಅರ್ಥಿಂಗ್ ಮಾಡಿಸಿ, ಕರೆಂಟ್ ಸೋರಿದರೆ ತಾನೇ ಆರಿಸುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಒದ್ದೆ ಗೋಡೆಯ ಮನೆಯಲ್ಲಿ ಅದು ಜೀವ ಉಳಿಸುವ ವಸ್ತು.

ಸರ್ಕಾರಿ ಮನೆಯ ಭಯದಲ್ಲಿ ಅರ್ಧ ಸತ್ಯವಿದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ ಮನೆಯಿಲ್ಲದವರಿಗೆ ಮತ್ತು ಕಚ್ಚಾ ಮನೆಯವರಿಗೆ ಹೊಸ ಮನೆ ಕಟ್ಟಲು ಇರುವಂಥದ್ದು. ಹಂಚಿಗೆ ಹಂಚು, ರೀಪಿಗೆ ರೀಪು ಬದಲಿಸಿದ್ದರಿಂದ ಮನೆಯ ಬಗೆ ಬದಲಾಗುವುದಿಲ್ಲ. ಹೊಸ ಗೋಡೆ, ಹೊಸ ಸ್ಲ್ಯಾಬು ಹಾಕಿದರೆ ಸಮೀಕ್ಷೆಗೆ ಬಂದವರು ಪಕ್ಕಾ ಮನೆ ಎಂದು ಬರೆದುಕೊಳ್ಳಬಹುದು. ಅಜ್ಜಿಯ ಹೆಸರು ಪಟ್ಟಿಯಲ್ಲಿದೆಯೇ ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ, ಕೆಲಸಕ್ಕೆ ಮೊದಲು ತಾರೀಖು ಸಹಿತ ಫೋಟೋ ತೆಗೆದಿಡಿ. ಮಂಜೂರಾತಿ ಹತ್ತಿರವಿದ್ದರೆ ಈಗ ಚರಂಡಿ ಮತ್ತು ಸೋರಿಕೆಗಷ್ಟೇ ಖರ್ಚು ಮಾಡಿ ಉಳಿದದ್ದನ್ನು ಕಾಯ್ದಿರಿಸಿ. ಆ ಯೋಜನೆಯ ಹಣ ಕಂತಿನಲ್ಲಿ, ಹಂತ ಹಂತದ ಫೋಟೋ ಏರಿಸಿದ ಮೇಲೆ ಬರುವುದರಿಂದ 76ರ ಅಜ್ಜಿ ಒಬ್ಬರೇ ಕಟ್ಟಿಸಲಾರರು, ಆಗಲೂ ನೀವು ಬೇಕಾಗುತ್ತೀರಿ. ಮಳೆಯಲ್ಲಿ ಗೋಡೆ ಬಿದ್ದರೆ ಗ್ರಾಮ ಆಡಳಿತ ಅಧಿಕಾರಿ ಬಂದು ಮಹಜರು ಮಾಡುವವರೆಗೆ ಅವಶೇಷ ತೆಗೆಯಬೇಡಿ. 2022–26ರ ವಿಪತ್ತು ಪರಿಹಾರ ಮಾನದಂಡದಲ್ಲಿ ಕನಿಷ್ಠ ಶೇ 15ರಷ್ಟು ಭಾಗಶಃ ಹಾನಿಯಾದ ಕಚ್ಚಾ ಮನೆಗೆ 4,000, ಪಕ್ಕಾ ಮನೆಗೆ 6,500 ರೂಪಾಯಿ ಇತ್ತು, ಪೂರ್ಣ ಹಾನಿಗೆ ಬಹಳ ಹೆಚ್ಚು. ಯಾವ ವರ್ಗಕ್ಕೆ ಸೇರಿಸುತ್ತಾರೆ ಎಂಬುದು ಆ ಮಹಜರಿನ ಮೇಲೆಯೇ ನಿಂತಿದೆ. ಗ್ರಾಮ ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಮೀಸಲಿಡಬೇಕು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡು, ಇಳಿಜಾರಿಗೆ ಅಥವಾ ಸ್ನಾನದ ಕುರ್ಚಿಗೆ ಅದರಿಂದ ನೆರವು ಕೇಳಿ ಅರ್ಜಿ ಕೊಡಿಸಿ.

ಹಿರಿಯ ಮಗನ ವಿರೋಧಕ್ಕೆ ಹೆಚ್ಚಾಗಿ ಆಸ್ತಿಯ ಅನುಮಾನವೇ ಮೂಲ. ರಿಪೇರಿ ಮಾಡಿದ ಮಾತ್ರಕ್ಕೆ ಯಾರಿಗೂ ಮನೆಯ ಮೇಲೆ ಹಕ್ಕು ಬರುವುದಿಲ್ಲ. ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿ, ಏನು ಕೆಲಸ, ಎಷ್ಟು ದಿನ, ಯಾರ ಖರ್ಚು ಎಂದು ಒಂದು ಹಾಳೆಯಲ್ಲಿ ಬರೆದು ಅಜ್ಜಿಯ ಒಪ್ಪಿಗೆ ಪಡೆಯಿರಿ, ಖಾತೆ ಜಂಟಿಯಾಗಿದ್ದರೆ ಹಿರಿಯ ಮಗನದ್ದನ್ನೂ ಕೇಳಿ. ಅದೇ ಹಾಳೆಯನ್ನು ಫೋನಿನಲ್ಲಿ ಕಳಿಸಿ ಮಾತಾಡಿದರೆ ಬಹಳ ಮಂದಿ ಮೆತ್ತಗಾಗುತ್ತಾರೆ, ಕೆಲವರು ಹಣವನ್ನೂ ಕಳಿಸುತ್ತಾರೆ. ತಂದೆ ತಾಯಿಯನ್ನು ನೋಡಿಕೊಳ್ಳುವ ಹೊಣೆ ಮಕ್ಕಳದ್ದೆಂದು 2007ರ ಕಾಯ್ದೆ ಹೇಳುತ್ತದೆ, ದೂರು ಕೇಳಲು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಿದೆ, 14567 ಎಂಬ ಹಿರಿಯರ ಸಹಾಯವಾಣಿಯೂ ಇದೆ. ಆದರೆ ಅದನ್ನು ಎತ್ತುವುದು ಅಜ್ಜಿಯ ತೀರ್ಮಾನ, ನಿಮ್ಮದಲ್ಲ.

ಕೆಲಸ ಮುಗಿದ ಮೇಲೆ ಐವತ್ತು ಹಂಚನ್ನು ಜಗಲಿಯ ಮೂಲೆಯಲ್ಲಿ ಪೇರಿಸಿಟ್ಟು ಬನ್ನಿ, ಮಳೆಗಾಲವಿಡೀ ಕರೆದರೆ ಬರುವ ಇಬ್ಬರ ಹೆಸರನ್ನು ಗೋಡೆಯ ಮೇಲೆ ಬರೆಯಿರಿ. ಮೃಗಶಿರಾ ಮಳೆಯ ಮೊದಲ ಜೋರು ಹೊಡೆತಕ್ಕೆ ಎಲ್ಲಿಯಾದರೂ ಹನಿ ಬಿದ್ದೇ ಬೀಳುತ್ತದೆ, ಅದಕ್ಕೆ ಎದೆಗುಂದಬೇಕಿಲ್ಲ. ಹನಿ ಬೀಳುವ ಜಾಗ ಮತ್ತು ಹಂಚು ಸರಿದ ಜಾಗ ಒಂದೇ ಆಗಿರುವುದಿಲ್ಲ, ನೀರು ರೀಪಿನ ಮೇಲೆ ಎರಡು ಮೂರು ಅಡಿ ಹರಿದು ಬೀಳುತ್ತದೆ. ಅದನ್ನು ಪತ್ತೆ ಮಾಡಲು ಮಂಚದ ಮೇಲೆ ಮಲಗಿ ಎಂಟು ಮಳೆಗಾಲ ಆ ಮಾಡನ್ನೇ ನೋಡಿದವರಿಗಿಂತ ಬಲ್ಲವರು ನಿಮ್ಮಲ್ಲಿ ಯಾರೂ ಇಲ್ಲ. ಒಂದು ನೋಟ್‌ಬುಕ್, ಒಂದು ಒಳ್ಳೆಯ ಟಾರ್ಚು ಅವರ ಕೈಗೆ ಕೊಡಿ. ಎಷ್ಟನೆಯ ಪಕಾಸು, ನೆತ್ತಿಯಿಂದ ಎಷ್ಟನೆಯ ಸಾಲು ಎಂದು ಅವರು ಬರೆದಿಟ್ಟರೆ, ಬಡಗಿ ಬಂದು ನೇರವಾಗಿ ಆ ಹಂಚಿಗೇ ಕೈ ಹಾಕಬಹುದು.